ನಿನ್ನ ಹೆಸರಿನ ಬಾಟಲಿ

ಕಾಟೊವಿತ್ಸೆ
ಗುರುವಾರ, ೧೪ ಅಕ್ಟೋಬರ್ ೧೯೯೯

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಗಣಿಯ ಧೂಳು ಬಿಟ್ಟು ಬೆಟ್ಟದ ಗಾಳಿ ಕುಡಿದರೆ ಇಪ್ಪತ್ತು ವರ್ಷ ಚಿಕ್ಕವನಾಗುತ್ತೇನೆ ಎಂದಿದ್ದೆ. ಆಗಿದ್ದೀಯೆಂದು ನಿನ್ನ ಕಾಗದವೇ ಹೇಳುತ್ತಿದೆ. ಆರೋಗ್ಯಧಾಮದ ಶನಿವಾರದ ಕುಣಿತಕ್ಕೆ ಆ ವಿಧವೆ ಸಬೀನಾಳನ್ನು ಕರೆದಿದ್ದೀಯಂತೆ. ನಾಚಿಕೆಯಿಲ್ಲದ ಮುದುಕ!

ನಮ್ಮ ಪ್ರಯೋಗಾಲಯದ ಬಿಸಿ ಕಪಾಟು ನಿನಗೆ ನೆನಪಿರಬೇಕು. ಅಲ್ಲಿರುವ ಹದಿನಾಲ್ಕು ಬಾಟಲಿಗಳಲ್ಲಿ ರಕ್ತದಷ್ಟೇ ಬೆಚ್ಚಗಿನ ಉಪ್ಪುನೀರು, ಅದರಲ್ಲಿ ಒಬ್ಬೊಬ್ಬ ರೋಗಿಯ ಮೂಳೆಗೆ ಹಾಕಿದ ಸ್ಕ್ರೂವಿನದೇ ಒಂದೊಂದು ಅವಳಿ. ಮೂಳೆ ಕೂಡಿಕೊಂಡ ಮೇಲೆ ಮೈಯೊಳಗಿನದು ತಾನಾಗಿ ಕರಗಬೇಕು. ಎಷ್ಟು ಕರಗಿತೆಂದು ತಿಳಿಯಲು ಪ್ರತಿ ಸೋಮವಾರ ಬಾಟಲಿಯೊಳಗಿನ ಅವಳಿಯನ್ನು ತೂಗುತ್ತೇನೆ. ನನ್ನ ಜೊತೆ ಕೆಲಸ ಮಾಡುವ ತೆಕ್ಲಾ ಬಾಟಲಿಗಳನ್ನು ಹೆಸರು ಹಿಡಿದೇ ಮಾತಾಡಿಸುತ್ತಾಳೆ: "ಏನ್ರೀ ಸ್ಟೆಫಾನ್, ರಾತ್ರಿ ನಿದ್ದೆ ಬಂತಾ?" ಸ್ಟೆಫಾನ್ ಆಗಸ್ಟ್‌ನಲ್ಲೇ ಸತ್ತ. ಅವನ ಬಾಟಲಿಯ ಸ್ಕ್ರೂ ಮಾತ್ರ ಇನ್ನೂ ಆ ಬಿಸಿಯಲ್ಲಿ ನಿಧಾನವಾಗಿ ಕರಗುತ್ತಿದೆ. ಮೊದಲೆಲ್ಲ ನಾನು ನಗುತ್ತಿದ್ದೆ. ಈಗ ಆ ಕಪಾಟಿಗೆ ಬೆನ್ನು ಹಾಕಿ ಕೂರಲು ಹೆದರಿಕೆಯಾಗುತ್ತದೆ.

ಈ ಸೋಮವಾರ ನಿನ್ನ ಬಾಟಲಿ, ನಿನ್ನ ಕಾಲಿನ ಸ್ಕ್ರೂವಿನ ಅವಳಿ ಇರುವುದನ್ನು, ತೆರೆದೆ. ತೂಕ ಹಾಗೇ ಇತ್ತು, ಆಕಾರವೂ ಹಾಗೇ ಇತ್ತು. ಚಿಮಟದಲ್ಲಿ ಸ್ವಲ್ಪ ಒತ್ತಿದ್ದೇ ತಡ, ಕುಸಿಯಿತು. ಒಳಗೆ ಏನೂ ಇರಲಿಲ್ಲ ಅಪ್ಪಾ. ತೆಳ್ಳನೆಯ ಸಿಪ್ಪೆ, ಅದರೊಳಗೆ ಬೆಚ್ಚಗಿನ ಹುಳಿ ನೀರು. ಮರುದಿನ ನಿನ್ನ ಕಾಗದ ಬಂತು: "ಭಾನುವಾರದಿಂದ ಕಾಲು ನೋವೇ ಇಲ್ಲ ಮಗಳೇ, ಒಳಗೆ ಯಾರೂ ಇಲ್ಲ ಅನ್ನೋ ಹಾಗಿದೆ." ಓದಿದ ಕೂಡಲೇ ಫೋನ್ ಮಾಡಿದರೆ ನೀನು ನಕ್ಕೆ: "ಲೇ ವಾಂಡಾ, ಹಿಂದೆ ಜನ ಕಾಯ್ತಿದಾರೆ, ಇಡ್ತೀನಿ. ಕುಣೀತೀನಿ ಅಂತ ನಿನ್ನ ಬಾಟಲಿಗೆ ಹೇಳು!" ನಾನು ಹೇಳುವ ಮೊದಲೇ ನೀನು ಫೋನ್ ಇಟ್ಟುಬಿಟ್ಟೆ.

ಗಣಿಯಲ್ಲಿ ಕಾದ ಸಂತ ಬಾರ್ಬರಾ ಅಲ್ಲಿಯೂ ನಿನ್ನನ್ನು ಕಾಯಲಿ.

ನಿನ್ನ
ವಾಂಡಾ

ತಾ.ಕ.: ಇದನ್ನು ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿದ ಕ್ಷಣದಿಂದ ಆ ಕಾಲನ್ನು ನೆಲಕ್ಕೆ ಊರಬೇಡ. ಸ್ಕ್ರೂ ಟೊಳ್ಳಾಗಿದೆಯೆಂದು ಡಾಕ್ಟರಿಗೆ ಹೇಳಿದ್ದೇನೆ, ನಾಳೆ ಬೆಳಿಗ್ಗೆ ಆಂಬುಲೆನ್ಸ್ ಬರುತ್ತದೆ. ಯಾಕೆ ಹಾಗಾಯಿತೆಂದು ಮಾತ್ರ ಅವರಿಗೂ ಹೇಳಿಲ್ಲ. ಜೂನ್‌ನಲ್ಲಿ ನನ್ನ ಹೆಸರಿನ ಹಬ್ಬದ ದಿನ, ಸ್ಕ್ರೂ ಎರೆಯಲೆಂದು ಒಣಗಿಸಿ ತೆಗೆದ ಪಾಲಿಮರ್ ಕಾಳುಗಳನ್ನು ಮುಚ್ಚದೆ, ಕುದಿಯುವ ಕೆಟಲಿನ ಪಕ್ಕದಲ್ಲೇ ಬಿಟ್ಟು ಕೇಕು ಕತ್ತರಿಸಲು ಹೋದೆ. ಅವು ತೇವ ಕುಡಿದರೆ ಎರಕ ಹೊಯ್ಯುವಾಗಲೇ ಕೆಟ್ಟುಹೋಗುತ್ತವೆಂದು ನನಗೆ ಗೊತ್ತಿತ್ತು. ಆದರೂ ಮತ್ತೆ ಒಣಗಿಸದೆ, ದಾಖಲೆಯಲ್ಲಿ ಒಣಗಿವೆ ಎಂದೇ ಬರೆದೆ. ಆ ಕಾಳುಗಳಿಂದ ಎರಡೇ ಸ್ಕ್ರೂ ಆದವು. ಒಂದನ್ನು ಬಾಟಲಿಗೆ ಹಾಕಿದೆ. ಅಪ್ಪನಿಗೆ ಹೊಸದೇ ಇರಲಿ ಎಂದು ಇನ್ನೊಂದನ್ನು ಆರಿಸಿ ಡಾಕ್ಟರ ಕೈಗೆ ಕೊಟ್ಟವಳು ನಾನೇ.