ಐಲವ್ವನ ಊರು

ಜನವರಿ 14, ಬುಧವಾರ

ಶಾಲೆಯ ಕ್ಯಾಂಟೀನ್ ಕೆಲಸ ಎರಡಕ್ಕೆ ಮುಗಿಯಿತು. ಬಸ್ ತಪ್ಪಿತು. ಕಾಲುವೆಯ ದಂಡೆ ಹಿಡಿದು ನಡೆದೆ. ಇಂಗ್ಲೆಂಡಿಗೆ ಬಂದು ಎಂಟು ತಿಂಗಳು, ಈ ಕಡೆ ಬಂದೇ ಇರಲಿಲ್ಲ.

ಕಲ್ಲಿನ ತೊಟ್ಟಿಯೊಳಗೆ ಒಂದು ದೋಣಿ. ಗೇಟು ಮುಚ್ಚಿದರು. ನೀರು ಏರಿತು, ದೋಣಿಯೂ ಏರಿತು. ಮುಂದಿನ ತೊಟ್ಟಿಗೆ ಹೋಯಿತು. ಮತ್ತೆ ಏರಿತು.

ಮೆಟ್ಟಿಲು ಹತ್ತುವ ದೋಣಿ! ನೀಲಕಂಠ ಕಾಕಾನ ಕಥೆಯದು.

ಬೇಸಿಗೆ ರಜೆ, ರಾಮದುರ್ಗ. ಊಟವಾದ ಮೇಲೆ ಪಡಸಾಲೆಯಲ್ಲಿ ನಾವು ಐದು ಜನ ಮಕ್ಕಳು, ನಡುವೆ ಕಾಕಾ. ಪ್ರತಿ ಕಥೆಯಲ್ಲೂ ಐಲವ್ವ ಎಂಬ ಹುಡುಗಿ ಕಳೆದುಹೋಗುವಳು. ಕೊನೆಗೆ ಅವಳಪ್ಪ ಹುಡುಕಿ ತರುವನು. ಒಂದು ಸಲವೂ ತಪ್ಪಿದ್ದಿಲ್ಲ. ಆ ದೋಣಿಗಾಗಿ ಮಲಪ್ರಭೆಯ ದಂಡೆಯಲ್ಲಿ ಎಷ್ಟು ಅಲೆದಿದ್ದೇವೆ...

ಜನವರಿ 17, ಶನಿವಾರ

ಮತ್ತೆ ಹೋದೆ. ಸೇತುವೆಯ ಮೇಲೆ ಒಂದೇ ಕಿವಿಯ ಕಲ್ಲುನಾಯಿ. ಆಚೆಗೆ ನೀಲಿ ಬಾಗಿಲಿನ ಬೇಕರಿ. ಎರಡೂ ಕಾಕಾ ಕಥೆಯಲ್ಲಿ ಹೇಳಿದ ಹಾಗೆಯೇ. ಖುಷಿಗೆ ಅಳು ಬಂತು. ಕಾಕಾ ಹರೆಯದಲ್ಲಿ ಮಿಲ್ ಯಂತ್ರದ ಕೆಲಸ ಕಲಿಯಲು ಇಂಗ್ಲೆಂಡಿಗೆ ಬಂದಿದ್ದು ಗೊತ್ತು. ಲಂಡನ್ ಅನ್ನುತ್ತಿದ್ದರು. ಈ ಊರಿನ ಹೆಸರು ಎಂದೂ ಎತ್ತಿದ್ದಿಲ್ಲ.

ವಿಡಿಯೋ ಮಾಡಿ ಕಾಕಾಗೆ ಕಳಿಸಿದೆ. ಎಷ್ಟು ಹಿಗ್ಗುತ್ತಾರೋ.

ಜನವರಿ 18

ಇಂದಿರಾಬಾಯಿ ಕಾಕೂ ಫೋನ್ ಮಾಡಿದ್ದರು. "ಏನ ಕಳಿಸೀದಿ ವರದಾ? ಅದನ್ನ ನೋಡಿದಾಗಿಂದ ಇವರು ಉಣವಲ್ರು. ಮಾತೂ ಆಡವಲ್ರು."

ಜನವರಿ 24, ಶನಿವಾರ

ಬರೆಯಲು ಕೈ ಬರುತ್ತಿಲ್ಲ.

ಬೇಕರಿಯೊಳಗೆ ಹೋದೆ. ಕೌಂಟರಿನಲ್ಲಿ ಅರವತ್ತರ ಹೆಂಗಸು. ಬ್ರೆಡ್ ತಗೊಂಡು ಉತ್ಸಾಹದಲ್ಲಿ ಎಲ್ಲ ಹೇಳಿದೆ, ಕಾಕಾ, ಕಥೆ, ದೋಣಿ, ನಾಯಿ. ಅವಳು ಕಾಕಾನ ಹೆಸರು ಕೇಳಿದಳು. ಹೇಳಿದೆ. ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕುಳಿತಳು.

ಅವಳ ಹೆಸರು ಐಲೀನ್.

ಮಹಡಿಯಿಂದ ಫೋಟೋ ತಂದಳು. ಹರೆಯದ ಕಾಕಾ, ಕಲ್ಲುನಾಯಿಯ ಪಕ್ಕ. ಹೆಗಲ ಮೇಲೆ ಮಗು.

"ಅಪ್ಪ ಹೋದಾಗ ನನಗೆ ನಾಲ್ಕು. ಕೆಲಸದ ಮೇಲೆ ಹೋಗಿದ್ದಾನೆ, ಬರುತ್ತಾನೆ ಅಂತ ಅಮ್ಮ ಹೇಳುತ್ತಿದ್ದಳು. ಕಳೆದುಹೋದರೆ ಹುಡುಕಲು ಬಂದಾನು ಅಂತ ಎರಡು ಸಲ ಬೇಕಂತಲೇ ತಪ್ಪಿಸಿಕೊಂಡೆ."

ಎರಡೂ ಸಲ ಪೊಲೀಸರು ಬಂದು ಕರಕೊಂಡು ಹೋದರಂತೆ.

ಜನವರಿ 25

ಸುಮೇಧ ಹೇಳುತ್ತಾನೆ, "ಬಿಟ್ಟ ಬಿಡು. ಈ ವಯಸ್ಸಿನ್ಯಾಗ ಕಾಕೂಗ ಯಾಕ ಈ ಸಂಕಟ?" ಗಂಡ ಹೇಳುವುದು ಸುಳ್ಳಲ್ಲ. ಆದರೆ ಆ ಕಥೆ ಕೇಳುತ್ತ ಬೆಳೆದವರು ನಾವು. ಐಲೀನಳ ಪಾಲಿನದನ್ನು ನಾವು ಐದು ಜನ ಕೂತು ಉಂಡ ಹಾಗಾಯಿತು.

ಐಲೀನ್ ಕೇಳಿದ್ದು ಒಂದೇ. ಫೋನಿನಲ್ಲಿ ಒಂದು ಸಲ ಅಪ್ಪ ಅವಳ ಹೆಸರು ಹಿಡಿದು ಕರೆಯಬೇಕಂತೆ. ಅಷ್ಟೇ.

ಕಾಕಾ ನನ್ನ ಫೋನ್ ಎತ್ತುವುದು ಬಿಟ್ಟಿದ್ದಾರೆ.

ಫೆಬ್ರುವರಿ 19, ರಾಮದುರ್ಗ

ಶಾಲೆಗೆ ರಜೆ ಬಿದ್ದಿದ್ದೇ ಊರಿಗೆ ಹೊರಟು ಬಂದೆ. ಬೈಲಹೊಂಗಲದಲ್ಲಿ ಬಸ್ ಬದಲಿಸಿದೆ. ಇಳಿದು ಸೀದಾ ಕಾಕಾನ ಮನೆಗೆ.

"ಕಾಕಾ, ಐಲವ್ವನ್ನ ನೋಡಿ ಬಂದೇನಿ."

"ಅದು ಕಥಿ, ವರದಾ. ಕಥ್ಯಾಗಿನ ಹುಡುಗಿ."

"ಕಥ್ಯಾಗಿನ ಹುಡುಗಿ ಬ್ರೆಡ್ ಮಾರತಾಳ್ರಿ. ಅರವತ್ತು ವರ್ಷದಾಕಿ. ನಿಮ್ಮ ಮೂಗೇ ಅದ ಆಕಿಗೆ."

ಕಾಕಾ ಕನ್ನಡಕ ತೆಗೆದು ಒರೆಸಿದರು. ಆಮೇಲೆ, "ಅಪ್ಪನ ತಾರು ಬಂತು, ಕನ್ಯಾ ನೋಡೀವಿ ಬಾ ಅಂತ. ತಿಂಗಳದಾಗ ಹೊಳ್ಳಿ ಹೋಗಾಂವ ಇದ್ದೆ..." ದನಿ ಏರಿತು. "ಪ್ರತಿ ಕಥ್ಯಾಗ ಹುಡುಕಿ ತಂದೀನಲ್ಲ! ಇನ್ನೇನ ಮಾಡ್ಲಿ ನಾ?"

ಅಡುಗೆಮನೆಯ ಬಾಗಿಲಲ್ಲಿ ಕಾಕೂ. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಆ ಹೆಸರು ನಿದ್ದಿಗಣ್ಣಾಗ ಐವತ್ತು ವರ್ಷ ಅಂದೀರಿ," ಎಂದರು ಕಾಕಾಗೆ. "ಎಚ್ಚರಿದ್ದಾಗ ಒಂದು ಸಲ ಅನ್ರಿ. ನಾ ಏನೂ ಅನ್ನೂದಿಲ್ಲ."

ಕಾಕಾ ತಲೆ ಆಡಿಸಿದರು. "ನಾಳೆ."

ಫೆಬ್ರುವರಿ 20, ಮಧ್ಯಾಹ್ನ

ಮೂರಕ್ಕೆ ಫೋನ್ ಹಚ್ಚಿದೆ. ಕಾಕಾ ಜಳಕ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಕೂತಿದ್ದರು. ಕಾಕೂ ಪಕ್ಕದಲ್ಲೇ.

ಆ ಕಡೆಯಿಂದ ಐಲೀನ್, "ಹಲೋ? ಡ್ಯಾಡಿ?"

ಕಾಕಾ ಎರಡೂ ಕೈಯಿಂದ ಫೋನ್ ಹಿಡಿದಿದ್ದರು. ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು. ಬಂದದ್ದು ಇಂಗ್ಲಿಷು. ಈ ಮನೆಯಲ್ಲಿ ಯಾರೂ ಕೇಳದಿದ್ದ ಇಂಗ್ಲಿಷು, ಆ ಬೇಕರಿ ಓಣಿಯವರದೇ ರಾಗ, ಯಾರನ್ನಾದರೂ 'ಲವ್' ಅಂತ ಕರೆಯುವ ಅವರದೇ ರೂಢಿ.

"ಸಾರಿ, ಲವ್. ರಾಂಗ್ ನಂಬರ್."

ಫೋನ್ ನನ್ನ ಮಡಿಲಿಗೆ ಹಾಕಿದರು. ಕಾಕೂ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಐಲೀನ್ ಕಟ್ ಮಾಡಿರಲಿಲ್ಲ. ಉಸಿರು ಕೇಳುತ್ತಿತ್ತು.

"ಅದು ಅಪ್ಪನೇ," ಎಂದಳು. "ವರದಾ, ನನಗೆ ಗೊತ್ತಾಯಿತು. ಇನ್ನೊಮ್ಮೆ ಕೊಡು. ರಾಂಗ್ ನಂಬರ್ ಅಂತಲೇ ಅನ್ನಲಿ, ಪರವಾಗಿಲ್ಲ, ಇನ್ನೊಮ್ಮೆ—"

ನಾನು ತಿರುಗಿ ನೋಡುವಷ್ಟರಲ್ಲಿ ಕಾಕಾ ಎದ್ದು, ಚಪ್ಪಲಿಯೂ ಮೆಟ್ಟದೆ ಬಾಗಿಲು ದಾಟಿ ಓಣಿಗೆ ಇಳಿದುಬಿಟ್ಟಿದ್ದರು.