ಫಕೀರವ್ವ ಯಾವ ಕಡೆಗೆ ತಿರುಗಿದಳು?

ಮೇಲ್ಮುಧೋಳ
ಮರುಹೊಳೆಯ ತೊಂಬತ್ತನೆಯ ವರ್ಷ, ಹದಿಮೂರನೆಯ ತಿಂಗಳ ಮೊದಲ ಸೋಮವಾರ

‘ಕೆಂಪು ಮಟ್ಟಿ’ ಎಂಬ ಕಾಳಗದ ವಿಡಿಯೋ ಗೇಮ್ ಆಡಿ ಅದರ ಬಗ್ಗೆ ಅಭಿಪ್ರಾಯ ಬರೆದ ಎಲ್ಲರಿಗೂ ಬಾಳವ್ವನ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನಗಬೇಡಿ. ಘಟಪ್ರಭೆ ನಮ್ಮ ಹಳೆಯ ಊರನ್ನು ನುಂಗಿ, ಮತ್ತೆ ತನ್ನ ಪಾತ್ರಕ್ಕೆ ಮರಳಿದ ವರ್ಷದಿಂದ ನಾವು ಕಾಲ ಎಣಿಸುತ್ತೇವೆ. ಅದಕ್ಕೇ ಅದು ಮರುಹೊಳೆ. ಹದಿಮೂರನೆಯ ತಿಂಗಳನ್ನು ಬಿಸಿಲಿನ ಸಲುವಾಗಿ ಸೇರಿಸಿಕೊಂಡೆವು. ಆ ತಿಂಗಳಲ್ಲಿ ಹೊಲದ ಕೆಲಸವಿಲ್ಲ, ಮದುವೆಯಿಲ್ಲ, ಕುಸ್ತಿ ಮಾತ್ರ. ನಿಮ್ಮ ಲೆಕ್ಕದಲ್ಲಿ ನಾನು ಇನ್ನೂರು ವರ್ಷ ಮುಂದೆ ಕೂತು ಬರೆಯುತ್ತಿದ್ದೇನೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಮಾತನ್ನು ಅರ್ಧ ಜೀವಮಾನ ಓದಿದ ನನ್ನಲ್ಲಿ ನೀವೂ ಕ್ಷಮೆ ಕೇಳಬೇಕಾದದ್ದು ಬಹಳವಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಾಲದ ಹಿಂದಕ್ಕೆ ಮಾತು ಕಳಿಸುವ ಕಚೇರಿ. ಒಂದು ಮನೆತನಕ್ಕೆ ಒಂದೇ ಕಾಗದ, ಮತ್ತೆಂದೂ ಇನ್ನೊಂದಿಲ್ಲ. ಅದೂ ಕಂಡಕಂಡಲ್ಲಿಗೆ ಹೋಗುವುದಿಲ್ಲ. ಹಿಂದಿನವರು ಯಾರು ಬೇಕಾದರೂ ಬರೆಯಲಿ ಎಂದು ಜಾಗ ತೆರೆದಿಟ್ಟು ಮುಚ್ಚುವುದನ್ನು ಮರೆತಿದ್ದರೆ, ಅಲ್ಲಿಗೆ ಮಾತ್ರ ಹೋಗುತ್ತದೆ. ನಿಮ್ಮ ಆಟದ ಕೆಳಗೆ ಅಭಿಪ್ರಾಯ ಬರೆಯುವ ಅಂಕಣ ಅಂಥದ್ದು. ನಮ್ಮೂರಲ್ಲಿ ಒಬ್ಬರು ತಮ್ಮ ಮನೆಯ ಕಾಗದವನ್ನು ಪ್ರವಾಹದ ಮುನ್ಸೂಚನೆಗೆ ಬಳಸಿದರು, ಇನ್ನೊಬ್ಬರು ಬೀಜದ ಜೋಳದ ಬಗ್ಗೆ ಬರೆದರು. ನಾನು ಆಟ ಆಡುವವರಿಗೆ ಬರೆಯುತ್ತೇನೆ ಎಂದಾಗ ಕಚೇರಿಯ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಇನ್ನೊಮ್ಮೆ ವಿಚಾರ ಮಾಡ್ರಿ ಬಾಳವ್ವಾರ, ಇರೋದು ಒಂದ ಕಾಗದ” ಅಂದಳು. ವಿಚಾರ ಮಾಡಿಯೇ ಬಂದಿದ್ದೆ. ಬಾಯಿ ಮುಚ್ಚಿಕೊಂಡು ಮಸಿ ಕೊಡು ಎಂದೆ.

ನಾನು ಹೈಸ್ಕೂಲಿನವರೆಗೆ ಓದಿದವಳು. ಫಕೀರವ್ವನ ಗರಡಿಯ ಯಜಮಾನಿ. ಫಕೀರವ್ವ ನಿಮಗೆ ಗೊತ್ತು. ನಿಮ್ಮ ಆಟದಲ್ಲಿ ಹಸಿರು ಸೀರೆಯನ್ನು ಕಚ್ಚೆ ಹಾಕಿ ನಿಲ್ಲುವ, ನಡುವಯಸ್ಸಿನ, ದಪ್ಪ ತೋಳಿನ ಹೆಂಗಸು. ನಿಮಗೆ ಅವಳು ಆರಿಸಿಕೊಳ್ಳುವ ಎಂಟು ಮಂದಿಯಲ್ಲಿ ಒಬ್ಬಳು. ನನಗೆ ಅಜ್ಜಿಯ ಅಜ್ಜಿಯ ತಾಯಿ. ಆಟ ಮಾಡಿದವರು ಮುಧೋಳಕ್ಕೆ ಬಂದು, ಅವಳ ಮೈಗೆಲ್ಲ ಬಿಳಿ ಗುಂಡಿ ಅಂಟಿಸಿ, ಅವಳ ಪಟ್ಟುಗಳನ್ನೆಲ್ಲ ಹಾಕಿಸಿ, ಆ ಚಲನೆಯನ್ನು ಯಂತ್ರಕ್ಕೆ ತುಂಬಿಕೊಂಡು ಹೋದರು ಎಂದು ನಮ್ಮ ಮನೆಯಲ್ಲಿ ಹೇಳುತ್ತಾ ಬಂದಿದ್ದಾರೆ. ಅವಳ ಎಲ್ಲ ಪಟ್ಟುಗಳಿಗಿಂತ ದೊಡ್ಡದು ಬೀಸುಕಲ್ಲು ಪಟ್ಟು. ಎದುರಾಳಿಯನ್ನು ಎತ್ತಿ, ಬೀಸುಕಲ್ಲಿನಂತೆ ತಿರುಗಿ, ಬೆನ್ನು ನೆಲಕ್ಕೆ ತಾಗುವಂತೆ ಚಿತ್ ಮಾಡುವುದು. ಅದು ನಮ್ಮ ಮನೆಪಟ್ಟು.

ಹೊಳೆ ಊರು ನುಂಗಿದಾಗ ನಮ್ಮ ಹೆಂಗಸರು ಗುಡ್ಡ ಹತ್ತಿದರು. ಗುಡ್ಡದ ಮೇಲೆ ಎರಡು ತಲೆಮಾರು ಕುಸ್ತಿಯಿಲ್ಲ, ನೀರು ಹೊರುವುದೇ ಆಯಿತು. ಇಳಿದು ಬರುವಾಗ, ಹತ್ತುವಾಗ ಒಯ್ದಿದ್ದ ಮಟ್ಟಿಯನ್ನು, ಫಕೀರವ್ವನ ಕಾಲದಲ್ಲಿ ಹದವಾದದ್ದನ್ನು, ಅಂದರೆ ಗರಡಿಯ ಕಣದ ಕೆಂಪು ಮಣ್ಣನ್ನು, ಚೀಲದಲ್ಲಿ ಹೊತ್ತು ತಂದರು. ಪಟ್ಟು ಮಾತ್ರ ಅರ್ಧವೇ ಬಂತು. ಎಡಗೈಯಿಂದ ಕುತ್ತಿಗೆ ಹಿಡಿದು, ಬಲಗೈಯನ್ನು ಕಂಕುಳಿನ ಕೆಳಗೆ ತೂರಿಸಿ, ಸೊಂಟದ ಮೇಲೆ ಎತ್ತಿಕೊಳ್ಳುವವರೆಗೆ ನಮ್ಮ ಮೈಗೆ ಗೊತ್ತು. ಅಲ್ಲಿಂದ ಮುಂದೆ ಗೊತ್ತಿಲ್ಲ. ನಿಮ್ಮ ಆಟ ನಡೆಸುವ ಯಂತ್ರವೂ ಈಗ ಭೂಮಿಯ ಮೇಲಿಲ್ಲ. ಉಳಿದಿರುವುದು ಮಾತುಗಾಜು. ನಿಮ್ಮ ಕಾಲದವರು ಬರೆದದ್ದನ್ನೆಲ್ಲ ಗಾಜಿನ ಹಲಗೆಯಲ್ಲಿ ಕೂಡಿಟ್ಟಿದ್ದಾರೆ. ಚಿತ್ರ ಹೆಚ್ಚು ಜಾಗ ತಿನ್ನುತ್ತದೆಂದು ಬಿಟ್ಟರಂತೆ, ಅಕ್ಷರ ಮಾತ್ರ ಇಟ್ಟರು. ಹೀಗಾಗಿ ಫಕೀರವ್ವ ಹೋದಳು, ಆಟ ಹೋಯಿತು, ನಿಮ್ಮ ಅಭಿಪ್ರಾಯ ಉಳಿಯಿತು.

ಏನು ಅಭಿಪ್ರಾಯ! ನಾನು ಪ್ರತಿದಿನ ಬೆಳಿಗ್ಗೆ ಮಟ್ಟಿಗೆ ಮಜ್ಜಿಗೆ, ಎಣ್ಣೆ, ಅರಿಶಿನ ಹಾಕಿ, ಹುಡುಗಿಯರಿಂದ ಅಗೆಸಿ, ಅವರು ಬಸ್ಕಿ ಹೊಡೆಯುವಾಗ ಕಟ್ಟೆಯ ಮೇಲೆ ಕೂತು ನಿಮ್ಮನ್ನು ಓದುತ್ತೇನೆ. ಒಬ್ಬ ಬರೆಯುತ್ತಾನೆ: “ಸೂಪರ್.” ಅಷ್ಟೇ. ಏನು ಸೂಪರ್? ಯಾರು ಸೂಪರ್? ಇನ್ನೊಬ್ಬ: “ಇನ್ನೂ ಆಡಿಲ್ಲ, ಡೌನ್‌ಲೋಡ್ ಆಗ್ತಾ ಇದೆ. ಐದು ಸ್ಟಾರ್.” ಮತ್ತೊಬ್ಬ: “ಆಟ ಚೆನ್ನಾಗಿದೆ, ಫೈನಲ್‌ನಲ್ಲಿ ಕರೆಂಟ್ ಹೋಯ್ತು. ಒಂದು ಸ್ಟಾರ್.” ಕರೆಂಟಿಗೂ ನಮ್ಮ ಅಜ್ಜಿಗೂ ಏನು ಸಂಬಂಧ? ಒಬ್ಬ ಮಹಾಶಯ ಬರೆಯುತ್ತಾನೆ: “ಗುರು, ಫಕೀರವ್ವನ್ನ ತಗೊಳ್ಳೋರೆಲ್ಲ ಹೇಡಿಗಳು. ಬರೀ ಹಿಡಿಯೋದು, ಎತ್ತಿ ಒಗೆಯೋದು. ದಮ್ಮಿದ್ರೆ ಕೈ ಬೀಸಿ ಹೊಡೀರೋ.” ಅದರ ಕೆಳಗೆ ಇನ್ನೊಬ್ಬ: “ಅಜ್ಜಿ ಕೈಲಿ ಒದೆ ತಿಂದು ಇಲ್ಲಿ ಬಂದು ಅಳ್ತಿದೀಯಾ ಮಗಾ?” ಈ ಎರಡನೆಯವನ ಮೇಲೆ ನನಗೆ ಸ್ವಲ್ಪ ಮಮತೆ ಇದೆ. ಆದರೆ ಅವನೂ ಹೇಗೆ ಒದೆ ಬಿತ್ತು ಎಂದು ಬರೆಯಲಿಲ್ಲ. ಕೆಲವರು ಅವಳನ್ನು ಫಕ್ಕಿ ಎಂದು ಕರೆದಿದ್ದೀರಿ. ಅವಳ ಎದುರು ನಿಂತು ಹಾಗೆ ಕರೆದಿದ್ದರೆ ಆಮೇಲೆ ಏನಾಗುತ್ತಿತ್ತು ಎಂದು ನಿಮ್ಮ ಬೆನ್ನೇ ಹೇಳುತ್ತಿತ್ತು.

ನನ್ನ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಬೀಸುಕಲ್ಲು ಪಟ್ಟಿನ ಕೊನೆಯನ್ನು ನೀವೆಲ್ಲ ನೋಡಿದ್ದೀರಿ. ಒಮ್ಮೆಯಲ್ಲ, ಸಾಕೆನಿಸುವಷ್ಟು ಸಲ ನೋಡಿದ್ದೀರಿ. “ಫಕೀರವ್ವ ಎತ್ತಿ ತಿರುಗಿಸೋದನ್ನ ಪ್ರತಿ ಸಲ ಪೂರ್ತಿ ನೋಡ್ಬೇಕು, ಸ್ಕಿಪ್ ಮಾಡೋಕೆ ಆಗಲ್ಲ, ತಲೆನೋವು” ಎಂದು ಎಷ್ಟೋ ಜನ ಬರೆದಿದ್ದೀರಿ. ಯಾವುದನ್ನು ಒಮ್ಮೆ ನೋಡಲು ನಾನು ಈ ಮನೆತನದ ಒಂದೇ ಕಾಗದವನ್ನು ಖರ್ಚು ಮಾಡುತ್ತಿದ್ದೇನೋ ಅದು ನಿಮಗೆ ತಲೆನೋವು. ಮಂಗಳೂರಿನ ಕಡೆಯ ಒಬ್ಬರು, “ಎಂತ ಮಾರಾಯ್ರೆ, ಮೂರು ಆಯಾಮದ ಆಟ ಅಂತ ಹೇಳಿ ಕ್ಯಾಮೆರಾ ಹೋಗಿ ಕಂಬದ ಹಿಂದೆ ನಿಲ್ಲುವುದಾ? ಬೀಳುವುದೇ ಕಾಣುವುದಿಲ್ಲ” ಎಂದು ಬರೆದಿದ್ದಾರೆ. ಅವರು ಪಾಪ, ಕಾಣಲಿಲ್ಲ ಎಂದಾದರೂ ಹೇಳಿದರು. ಕಂಡವರು ಏನೂ ಹೇಳಲಿಲ್ಲ.

ಹೇಳಿದ್ದನ್ನು ನಂಬಿ ನಾವು ಏನು ಮಾಡಿದೆವು ಎಂಬುದನ್ನೂ ಕೇಳಿ. “ಎತ್ತುವಾಗ ಫಕೀರವ್ವನ ಎಡಗಾಲು ಪಾದದವರೆಗೆ ನೆಲದೊಳಗೆ ಹೋಗುತ್ತೆ” ಎಂದು ನಿಮ್ಮಲ್ಲಿ ಬಹಳ ಜನ ಬರೆದಿದ್ದೀರಿ. ಇಷ್ಟು ಜನ ಒಂದೇ ಮಾತು ಹೇಳಬೇಕಾದರೆ ಇದೇ ಪಟ್ಟಿನ ಗುಟ್ಟು ಎಂದು ನನ್ನ ತಾಯಿ ತೀರ್ಮಾನಿಸಿದಳು. ಕಣದ ಮೂಲೆಯಲ್ಲಿ ಒಂದು ಗುಳಿ ತೋಡಿಸಿ ಅದಕ್ಕೆ ಹೂಳುಗುಳಿ ಎಂದು ಹೆಸರಿಟ್ಟಳು. ನಾನೂ, ನನ್ನ ತಂಗಿಯರೂ, ನಮ್ಮ ಮಕ್ಕಳೂ ಆ ಗುಳಿಯಲ್ಲಿ ಎಡಗಾಲು ಹೂತು ನಿಂತು ಕಲಿತೆವು. ಹಬ್ಬದ ದಿನ ಗುಳಿಗೆ ಕುಂಕುಮ ಹಚ್ಚುತ್ತಿದ್ದೆವು. ನಮ್ಮ ಗರಡಿಯ ಹುಡುಗಿಯರ ಎಡ ಹಿಮ್ಮಡಿ ಊದಿದ್ದರೆ ಮೂಳೆ ವೈದ್ಯೆ ಏನೆಂದು ಕೇಳುತ್ತಿರಲಿಲ್ಲ, “ಫಕೀರವ್ವನ ಮನೀಯಾಕಿ” ಎಂದು ಪಟ್ಟಿ ಸುತ್ತಿ ಕಳಿಸುತ್ತಿದ್ದಳು. ಹೋದ ತಿಂಗಳು ನನ್ನ ಮೊಮ್ಮಗಳು ರೇವಕ್ಕ ಮಾತುಗಾಜಿನ ಮೂಲೆಯಲ್ಲಿ ಹೊಸದೊಂದು ಸಾಲು ಹುಡುಕಿದಳು: “ಕಾಲು ನೆಲದಲ್ಲಿ ಹೂತುಹೋಗ್ತಿದ್ದ ಬಗ್ ಅಪ್‌ಡೇಟ್‌ನಲ್ಲಿ ಸರಿಯಾಗಿದೆ, ಥ್ಯಾಂಕ್ಸ್.” ಬಗ್ ಎಂದರೇನು ಎಂದು ಗಾಜಿನಲ್ಲೇ ಹುಡುಕಿದೆವು. ಆಟ ಮಾಡಿದವರ ಕೈತಪ್ಪಂತೆ. ರೇವಕ್ಕ ನಕ್ಕು ನಕ್ಕು ಕಣದಲ್ಲೇ ಕೂತುಬಿಟ್ಟಳು. “ಆಯಿ, ಅವ್ರು ಆಟ ಆಡ್ಯಾರ, ನಾವು ಅವ್ರ ತಕರಾರು ಕಲ್ತೇವಿ” ಅಂದಳು. ನಾನು ನಗಲಿಲ್ಲ. ಎದ್ದು ಸನಿಕೆ ತಂದು ಗುಳಿ ಮುಚ್ಚಿದೆ.

ಈಗ ನನಗೆ ಅವಸರ ಯಾಕೆಂದು ಹೇಳುತ್ತೇನೆ. ನಮ್ಮಲ್ಲಿ ಹದಿಮೂರನೆಯ ತಿಂಗಳ ಕೊನೆಗೆ ಎಲ್ಲ ಗರಡಿಗಳೂ ಕೂಡುತ್ತವೆ. ಪ್ರತಿ ಗರಡಿಯೂ ತನ್ನ ಮನೆಪಟ್ಟನ್ನು, ಒಪ್ಪಿ ಬೀಳದ ಎದುರಾಳಿಯ ಮೇಲೆ, ಪೂರ್ತಿ ಹಾಕಿ ತೋರಿಸಬೇಕು. ಮೂರು ಕೂಟದಲ್ಲಿ ತೋರಿಸಲಾಗದ ಗರಡಿಯ ಮಟ್ಟಿಯನ್ನು ಅಗೆದು ಇನ್ನೊಂದು ಗರಡಿಯ ಮಟ್ಟಿಗೆ ಬೆರೆಸುತ್ತಾರೆ. ಬೆರೆಸಿದ ಮಣ್ಣನ್ನು ಬೇರೆ ಮಾಡಲು ಬರುವುದಿಲ್ಲ. ಆ ದಿನಕ್ಕೆ ಗರಡಿಯ ಹೆಸರು ಮುಗಿಯಿತು. ಈ ಕಟ್ಟಳೆ ಬಂದ ಮೇಲೆ ನಡೆದ ಎರಡೂ ಕೂಟದಲ್ಲಿ ನಾವು ತಪ್ಪಿದ್ದೇವೆ. ಆಚೆ ದಂಡೆಯ ಗರಡಿಯವರು ನಮ್ಮ ಮಣ್ಣಿಗೆಂದು ಕಣದಲ್ಲಿ ಜಾಗ ಬಿಟ್ಟಿದ್ದಾರಂತೆ. ಅವರ ಯಜಮಾನಿ ಸಂತೆಯಲ್ಲಿ ಸಿಕ್ಕು, “ಬುಟ್ಟಿ ನಾವ ತರ್ತೇವ್ರಿ ಅಕ್ಕಾರ, ನೀವು ತ್ರಾಸ ತಗೋಬ್ಯಾಡ್ರಿ” ಎಂದು ನಕ್ಕಳು. ನಾನು ಬದನೆಕಾಯಿ ಆರಿಸುವುದನ್ನು ನಿಲ್ಲಿಸಲಿಲ್ಲ. ಮನೆಗೆ ಬಂದು ನೋಡಿದರೆ ಚೀಲದಲ್ಲಿ ಇದ್ದವೆಲ್ಲ ಹುಳುಕು.

ಮೂರನೆಯ ಸಲ ಕಣಕ್ಕೆ ಇಳಿಯುವವಳು ರೇವಕ್ಕ. ಗುಳಿ ಮುಚ್ಚಿದ ಮೇಲೆ ಎರಡೂ ಕಾಲು ನೆಲದ ಮೇಲಿಟ್ಟು ಎತ್ತಿದಾಗ ಪಟ್ಟು ತಾನಾಗಿ ತಿರುಗಲು ಬಯಸುತ್ತದೆ. ಅದು ನಮಗೆಲ್ಲರಿಗೂ ಮೈಯಲ್ಲಿ ತಿಳಿಯಿತು. ಹೂತ ಕಾಲು ಇಷ್ಟು ವರ್ಷ ಅದನ್ನು ಕಟ್ಟಿಹಾಕಿತ್ತು. ಆದರೆ ಯಾವ ಕಡೆಗೆ? ಒಂದು ಕಡೆ ತಿರುಗಿದರೆ ಎದುರಾಳಿ ಬೆನ್ನ ಮೇಲೆ ಬೀಳುತ್ತಾಳೆ, ಗೆದ್ದೆವು. ಇನ್ನೊಂದು ಕಡೆ ತಿರುಗಿದರೆ ಅವಳ ಭಾರವೆಲ್ಲ ಅವಳ ಕುತ್ತಿಗೆಯ ಮೇಲೆ ಬೀಳುತ್ತದೆ. ಯಾವುದು ಯಾವ ಕಡೆ ಎಂದು ಎತ್ತಿ ನಿಂತವಳಿಗೆ ಕಾಣುವುದಿಲ್ಲ. ನಿಧಾನವಾಗಿ ಮಾಡಿ ನೋಡೋಣವೆಂದರೆ ನಿಧಾನಕ್ಕೆ ಈ ಪಟ್ಟು ಆಗುವುದೇ ಇಲ್ಲ. ಮರಳಿನ ಚೀಲ ಎತ್ತಿ ನೋಡಿದೆವು. ಚೀಲಕ್ಕೆ ಕುತ್ತಿಗೆಯಿಲ್ಲ. ಆಚೆ ದಂಡೆಯಿಂದ ಇಳಿಯುವವಳು ಹತ್ತೊಂಬತ್ತರ ಹುಡುಗಿ, ರೇವಕ್ಕನ ಜೊತೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವಳು. ಅವಳ ಯಜಮಾನಿಯ ಮೇಲೆ ನನಗೆ ಎಷ್ಟೇ ಸಿಟ್ಟಿರಲಿ, ಆ ಹುಡುಗಿಯ ಕುತ್ತಿಗೆಯ ಮೇಲೆ ನಮ್ಮ ಮನೆಯ ಹೆಸರು ನಿಲ್ಲುವುದು ಬೇಡ. ಕೊನೆ ಗೊತ್ತಾಗದೆ ಪಟ್ಟು ಹಾಕಬೇಡ ಎಂದು ರೇವಕ್ಕನಿಗೆ ಆಣೆ ಹಾಕಿಸಿದ್ದೇನೆ. ಹಾಕದಿದ್ದರೆ ಮಣ್ಣು ಹೋಗುತ್ತದೆ. ಹೋದರೆ ಹೋಗಲಿ ಎಂದು ನಾನು ಹೇಳಿದೆ, ಅವಳು ಎದ್ದು ಮತ್ತೆ ಮರಳಿನ ಚೀಲ ಎತ್ತಿದಳು.

ಈ ಕೊನೆಯ ಬಗ್ಗೆ ನಿಮ್ಮಲ್ಲಿ ಒಂದೇ ಒಂದು ಜಗಳ ನಡೆದಿದೆ. ಅದನ್ನು ನಾನು ಬಾಯಿಪಾಠ ಮಾಡಿದ್ದೇನೆ. ಒಬ್ಬ, “ಫಕೀರವ್ವ ಬಲಕ್ಕೆ ತಿರುಗ್ತಾಳೆ” ಅಂದ. ಇನ್ನೊಬ್ಬ, “ಕಣ್ಣು ತೋರಿಸ್ಕೊ, ಎಡಕ್ಕೆ” ಅಂದ. ಮೂರನೆಯವನು ಬಂದು, “ಲೋ, ನೀನು ಈ ಕಡೆ ನಿಂತು ಆಡಿದ್ದೀಯ, ಅವನು ಆ ಕಡೆ. ಎದುರು ನಿಂತ್ರೆ ಎಲ್ಲಾ ಉಲ್ಟಾ ಕಾಣುತ್ತೆ. ಇಬ್ರೂ ಹೋಗಿ ಮಲ್ಕೊಳ್ಳಿ” ಅಂದ. ಇಬ್ಬರೂ ಹೋಗಿ ಮಲಗಿರಬೇಕು, ಆಮೇಲೆ ಯಾರೂ ಬರೆದಿಲ್ಲ. ಇನ್ನೂರು ವರ್ಷದಿಂದ ನಮಗೆ ನಿದ್ದೆಯಿಲ್ಲ.

ಅದಕ್ಕೇ ಈ ಕಾಗದ. ನೀವು ಉತ್ತರಕ್ಕೆ ಅಂಚೆ ಹುಡುಕಬೇಕಾಗಿಲ್ಲ. ಇದೇ ಅಂಕಣದಲ್ಲಿ, ನನ್ನ ಈ ಮಾತಿನ ಕೆಳಗೆ ಬರೆದರೆ ಸಾಕು. ನೀವು ಬರೆದದ್ದನ್ನು ಯಾರೋ ಗಾಜಿಗೆ ಸೇರಿಸುತ್ತಾರೆ, ಗಾಜು ಹೊಳೆಯಲ್ಲಿ ಮುಳುಗಿ ಮೇಲೆ ಬರುತ್ತದೆ, ನನ್ನ ಕಟ್ಟೆಗೆ ತಲುಪುತ್ತದೆ. ಕಾಗದ ಹೋದ ಮರುದಿನ ಗಾಜು ತೆರೆದರೆ, ಅಲ್ಲಿವರೆಗೆ ಇಲ್ಲದ ಸಾಲು ಮೊದಲಿಂದಲೂ ಇದ್ದಂತೆ ಇರುತ್ತದೆ ಎಂದು ಕಚೇರಿಯ ಹೆಂಗಸು ಹೇಳಿದ್ದಾಳೆ. ನಾಳೆ ಬೆಳಿಗ್ಗೆ ಮಟ್ಟಿ ಅಗೆಯುವ ಮೊದಲೇ ತೆರೆಯುತ್ತೇನೆ.

ನಕ್ಷತ್ರ ಕೊಡದೆ ನಿಮ್ಮ ಅಂಕಣ ಯಾರ ಮಾತನ್ನೂ ಒಳಗೆ ಬಿಡುವುದಿಲ್ಲವಂತೆ. ನಾನು ಆಟ ಆಡಿದವಳಲ್ಲ, ನೋಡಿದವಳೂ ಅಲ್ಲ. ಆಡದೆ ನಕ್ಷತ್ರ ಕೊಟ್ಟವರನ್ನು ಮೇಲೆ ಬೈದಿದ್ದೇನೆ, ಬೈದದ್ದನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೂ ಐದು ಕೊಟ್ಟಿದ್ದೇನೆ. ಅದರಲ್ಲಿ ನಮ್ಮ ಫಕೀರವ್ವ ಇದ್ದಾಳೆ, ಅದಕ್ಕೆ.

ನಿಮ್ಮಲ್ಲಿ ಯಾರಾದರೂ ಒಬ್ಬರು ಎದ್ದು ಹೋಗಿ ಆಟ ಹಚ್ಚಿ. ಕಂಬವಿಲ್ಲದ ಕಣ ಆರಿಸಿ. ಫಕೀರವ್ವನನ್ನು ತೆಗೆದುಕೊಳ್ಳಿ. ಅವಳು ಎತ್ತಿದ ಮೇಲೆ ಬೇರೆ ಗುಂಡಿ ಒತ್ತಬೇಡಿ, ಬೇಜಾರಾದರೂ ಕಣ್ಣು ತೆಗೆಯಬೇಡಿ. ಚಂದವಿತ್ತು, ಕೆಟ್ಟದಾಗಿತ್ತು ಎಂಬುದು ನನಗೆ ಬೇಡ. ಬಲಕ್ಕೋ ಎಡಕ್ಕೋ, ಅಷ್ಟು ಬರೆಯಿರಿ.

ನಿಮ್ಮ ಬಲವಲ್ಲ, ಅವಳ ಬಲ.

ಬಾಳವ್ವ
ಫಕೀರವ್ವನ ಗರಡಿ