ಬ್ಯಾಡಗಿ ಘಾಟು, ಕಂಪನಿ ಸಿರಪ್

ಫೆಬ್ರುವರಿ ೧೨, ಬುಧವಾರ

ನಾವು ಫ್ಯಾಮಿಲಿ ಡಾಕ್ಟರು ಕೂಡಿ ಮಾಡೋ ಕೆಮ್ಮಿನ ಸಂಶೋಧನೆಗೆ ರೊಕ್ಕ ಎಲ್ಲಿಂದ ತರೂದು? ಇವತ್ತ ಬ್ಯಾಡಗಿಗೆ ಬಂದಿದ್ದ ಸಿರಪ್ ಕಂಪನಿ ಸಾಹೇಬ್ರು ಕೊಡ್ತೇನಂದ್ರು. ಆದ್ರ ವರದಿಯೊಳಗ ಅವರ ಸಿರಪ್ ಹೊಗಳಬೇಕಂತ. ನಾ ಹೂಂ ಅನ್ನಾಕ ಬಾಯಿ ತೆಗೆದಿದ್ದೆ.

ನಮ್ಮೊಳಗ ಎಲ್ಲಾರಕಿಂತ ಸಣ್ಣಾಕಿ ಡಾಕ್ಟರ್ ಬೇನಜೀರ. "ಮದ್ಲ ನಮ್ಮ ಪೇಶೆಂಟರನ್ನ ನೋಡ್ ಬರ್ರಿ ಸರ" ಅಂತ, ಮೆಣಸಿನಕಾಯಿ ತೊಟ್ಟು ಬಿಡಸೋ ಹೆಣ್ಣಮಕ್ಕಳ ನಡುವ ಸಾಹೇಬ್ರನ್ನ ಕುಂದ್ರಿಸಿದಳು. ಘಾಟಿಗೆ ಕೆಮ್ಮಿ ಕೆಮ್ಮಿ ಸಾಹೇಬ್ರ ಮಾರಿ ಕೆಂಪಾತು. ಬ್ಯಾಗಿನ್ಯಾಗ ಅವರದ ಸಿರಪ್ ಇತ್ತು, ಮುಟ್ಟಲಿಲ್ಲ. ಬಾಜೂಕ ತೊಟ್ಟು ಬಿಡಸಾಕತ್ತಿದ್ದ ಮಂಗಳವ್ವ ಕೊಟ್ಟ ಹಸಿ ಅರಿವಿ ಮೂಗಿಗೆ ಕಟ್ಟಿಕೊಂಡ್ರು.

"ವರದಿಯೊಳಗ ನಾವೂ ಈ ಹಸಿ ಅರಿವೀನ ಬರೀತೇವ್ರಿ" ಅಂದಳು ಬೇನಜೀರ.

ರೊಕ್ಕ ಹೋತು. ಎಂಥಾ ಹುಡುಗಿರೀ ಅದು! ನಾಳೆ ಹಾವೇರ್ಯಾಗ ಮತ್ತೊಬ್ಬರ ಮುಂದ ಕೈ ಚಾಚಬೇಕು. ಈ ಸಲ ಮಾತಾಡಾಕ ಅಕಿನ್ನ ಬಿಡ್ತೇನಿ.